ಬಾಲ ಕತ್ತರಿಸಿದ ಎಚ್‌ಐವಿ ನನಗೆ ತೋರಿಸಿದ್ದು

ಚಿತ್ರಗಳಲ್ಲಿ ಎಚ್‌ಐವಿ ಕಣದ ಮೈತುಂಬಾ ಮುಳ್ಳುಗಳಿರುತ್ತವೆ, ಅಲ್ವಾ? ನಿಜಕ್ಕೂ ಇರುವುದು ಸರಾಸರಿ 14ರ ಆಸುಪಾಸು. ಈ ಮುಳ್ಳೇ ಎನ್ವ್ ಪ್ರೋಟೀನ್. ಕಣದ ಒಳಗೋಡೆ ಕಟ್ಟುವ ಗ್ಯಾಗ್ ಪ್ರೋಟೀನ್ ಮಾತ್ರ ಸಾವಿರಾರು ಸೇರುತ್ತದೆ. ಇಷ್ಟು ಕಡಿಮೆ ಎನ್ವ್ ಕಣದೊಳಗೆ ಹೇಗೆ ಜಾಗ ಹಿಡಿಯುತ್ತದೆ ಎನ್ನುವುದೇ ನನ್ನ ಪಿಎಚ್‌ಡಿ ಕೆಲಸ.

ಎನ್ವ್ ಮೊದಲು ಜಿಪಿ160 ಎಂಬ ಒಂದೇ ಸರಪಳಿ. ಸೆಲ್‌ನ ಫ್ಯೂರಿನ್ ಎಂಬ ಕಿಣ್ವ ಅದನ್ನು ಜಿಪಿ120, ಜಿಪಿ41 ಎಂದು ಎರಡಾಗಿ ಸೀಳುತ್ತದೆ. ಜಿಪಿ41ಕ್ಕೆ ಒಳಬದಿಗೆ ಚಾಚಿದ ಬಾಲವೊಂದಿದೆ, ಸುಮಾರು 150 ಅಮೈನೋ ಆಮ್ಲಗಳಷ್ಟು ಉದ್ದ. ಅದರಲ್ಲಿ 144ನ್ನು ನಾನು ತೆಗೆದುಹಾಕಿದೆ.

ಲ್ಯಾಬ್‌ನಲ್ಲಿ ಬೆಳೆಸುವ 293ಟಿ ಸೆಲ್‌ಗಳಿಗೆ ವೈರಸ್ ತಯಾರಿಸುವ ಡಿಎನ್‌ಎ ಹಾಕಿ, 48 ಗಂಟೆ ಬಿಟ್ಟು ಮೇಲಿನ ದ್ರವ ತೆಗೆದೆ. 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, 20% ಸಕ್ಕರೆ ದ್ರಾವಣದ ಮೇಲೆ ಹಾಕಿ ಜೋರಾಗಿ ಸ್ಪಿನ್ ಮಾಡಿದೆ. ತಳದಲ್ಲಿ ಕೂತ ವೈರಸ್ ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೇ ಸ್ಪಿನ್‌ಗೆ ಮೊದಲೇ ಟ್ಯೂಬಿನ ಹೊರಗೆ, ಅದು ಕೂರುವ ಜಾಗಕ್ಕೆ, ಮಾರ್ಕರ್‌ನಿಂದ ಚುಕ್ಕೆ ಇಡುತ್ತಿದ್ದೆ. ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆಯೇ ಬ್ಲಾಟ್. ಅದಕ್ಕೆ ಜಿಪಿ41ರ ಹೊರಭಾಗ ಹಿಡಿಯುವ ಆಂಟಿಬಾಡಿಯನ್ನೇ ಹಾಕಬೇಕು. ಬಾಲ ಹಿಡಿಯುವುದನ್ನು ಹಾಕಿದರೆ, ಬಾಲವಿಲ್ಲದ ಎನ್ವ್ ಇದ್ದರೂ ಕಾಣಿಸುವುದಿಲ್ಲ.

ಬಾಲ ಇದ್ದದ್ದು, ಇಲ್ಲದ್ದು ಎರಡರಲ್ಲೂ ಜಿಪಿ41ರ ಬ್ಯಾಂಡ್ (ಪಟ್ಟಿ) ಒಂದೇ ಸಮ ಬಂತು. ಬಾಲವಿಲ್ಲದ್ದು ಚಿಕ್ಕದಾದ್ದರಿಂದ ಸ್ವಲ್ಪ ಕೆಳಗೆ ಓಡಿತ್ತು, ಅಷ್ಟೇ. ನೋಟ್‌ಬುಕ್‌ನಲ್ಲಿ "ಬಾಲ ಬೇಡ" ಅಂತ ಬರೆದೂ ಬಿಟ್ಟೆ.

ಆದರೆ 293ಟಿ ಮೂಲತಃ ಮೂತ್ರಪಿಂಡದ ಸೆಲ್. ಎಚ್‌ಐವಿ ಬದುಕುವುದು ಮುಖ್ಯವಾಗಿ ರೋಗನಿರೋಧಕ ಟಿ-ಸೆಲ್‌ಗಳಲ್ಲಿ. ಹಾಗಾಗಿ ಎಚ್9 ಎಂಬ ಟಿ-ಸೆಲ್‌ಗಳಲ್ಲಿ ಮತ್ತೆ ಮಾಡಿದೆ. ಬಾಲವಿಲ್ಲದ ವೈರಸ್ ಅಲ್ಲಿ ಹರಡುವುದಿಲ್ಲ. ಮೊದಲ ಸಲ ಒಳಗೆ ಹೋಗಲಿ ಎಂದು ಅದಕ್ಕೆ ದನಗಳಿಗೆ ತಗಲುವ ಬೇರೊಂದು ವೈರಸ್ಸಿನ ಹೊರ ಪ್ರೋಟೀನ್, ವಿಎಸ್‌ವಿ-ಜಿ, ತೊಡಿಸಿದೆ. ಕೆಲವು ಗಂಟೆ ಬಿಟ್ಟು ಸೆಲ್‌ಗಳನ್ನು ಮೂರು ಸಲ ತೊಳೆದೆ. ತೊಳೆಯದಿದ್ದರೆ ನಾವೇ ಹಾಕಿದ ವೈರಸ್ ಹೊಸದರ ಜೊತೆ ಸೇರಿಕೊಳ್ಳುತ್ತದೆ.

ಈ ಸಲ ಹೊರಬಂದ ಕಣಗಳಲ್ಲಿ ಗ್ಯಾಗ್‌ನ ಒಂದು ತುಂಡಾದ ಪಿ24ರ ಬ್ಯಾಂಡ್ ಕಪ್ಪಗೆ, ದಪ್ಪಗೆ ಇತ್ತು. ಜಿಪಿ41 ಇರಬೇಕಾದ ಕಡೆ ತೆಳ್ಳನೆ ನೆರಳು. ಸೆಲ್‌ನೊಳಗಿನ ಎನ್ವ್ ಮಾತ್ರ ಚೆನ್ನಾಗಿಯೇ ಇತ್ತು. ತಯಾರಾಗಿತ್ತು, ಆದರೆ ಕಣಕ್ಕೆ ಸೇರಿರಲಿಲ್ಲ. ಸೆಲ್ ಮತ್ತು ವೈರಸ್ ಎರಡನ್ನೂ ಅಕ್ಕಪಕ್ಕ ಓಡಿಸಿದ್ದರಿಂದಲೇ ಇದು ಗೊತ್ತಾಯಿತು. ನೋಟ್‌ಬುಕ್‌ನ ಆ ಸಾಲಿನ ಪಕ್ಕದಲ್ಲಿ "293ಟಿಯಲ್ಲಿ ಮಾತ್ರ" ಎಂದು ಸೇರಿಸಿದೆ.

ಆಮೇಲೆ ಗ್ಯಾಗ್ ಕಡೆ ತಿರುಗಿದೆ. ಅದರ ಮ್ಯಾಟ್ರಿಕ್ಸ್ ಭಾಗ ಪೊರೆಯ ಕೆಳಗೆ ಮೂರು ಮೂರಾಗಿ ಸೇರಿ ಜಾಲರಿ ಹೆಣೆಯುತ್ತದೆ. ಬಾಲ ಕೂರುವುದು ಆ ಜಾಲರಿಯ ಕಿಂಡಿಗಳಲ್ಲಿ ಎನ್ನುವುದು ಈಗಿನ ತಿಳಿವಳಿಕೆ. ಮ್ಯಾಟ್ರಿಕ್ಸ್‌ನ 30ನೇ ಜಾಗದ ಅಮೈನೋ ಆಮ್ಲ ಲ್ಯೂಸಿನ್ ತೆಗೆದು ಗ್ಲುಟಮೇಟ್ ಇಟ್ಟರೆ 293ಟಿಯಲ್ಲೂ ಎನ್ವ್ ಕಣಕ್ಕೆ ಸೇರುವುದಿಲ್ಲ. 62ನೇ ಜಾಗದಲ್ಲಿ ಇನ್ನೊಂದು ಬದಲಾವಣೆ ಸೇರಿಸಿದರೆ ಮತ್ತೆ ಸೇರುತ್ತದೆ ಎಂದು ಎಚ್‌ಐವಿ ವಿಜ್ಞಾನಿ ಎರಿಕ್ ಫ್ರೀಡ್ ಅವರ ತಂಡ 2013ರಲ್ಲಿ ತೋರಿಸಿತ್ತು. ನನ್ನ ಬ್ಲಾಟ್‌ನಲ್ಲೂ ಹಾಗೇ ಬಂತು. ಹೋಗಿದ್ದ ಬ್ಯಾಂಡ್ ವಾಪಸ್ ಬಂದದ್ದು ನೋಡಿ ಡಾರ್ಕ್‌ರೂಮಿನಲ್ಲೇ ಗೆಳತಿಯನ್ನು ಕೂಗಿ ಕರೆದೆ. ಈಗ ರಕ್ತದಿಂದ ತೆಗೆದ ಟಿ-ಸೆಲ್‌ಗಳಲ್ಲಿ ಅದೇ ವೈರಸ್‌ಗಳನ್ನು ಬೆಳೆಸುತ್ತಿದ್ದೇನೆ.