ಬೆಣ್ಣೆಹಣ್ಣಿಗೆ ಶಿರಸಿಯ ಚಳಿಯ ಭಯವಿಲ್ಲ, ನಿಂತ ನೀರಿನದ್ದೇ ಭಯ: ಕುಂಡದಲ್ಲಿ ಬೆಳೆಸುವುದು ಹೀಗೆ

ಶಿರಸಿಯ ಚಳಿಗೆ ಬೆಣ್ಣೆಹಣ್ಣಿನ (ಅವಕಾಡೊ) ಗಿಡ ಬದುಕುವುದಿಲ್ಲ ಎಂದು ಹೇಳುವವರು ಬಹಳ ಮಂದಿ. ಬದುಕುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಚೆನ್ನಾಗಿಯೇ ಬೆಳೆಯುತ್ತದಲ್ಲ, ಅಲ್ಲೇನು ಚಳಿ ಕಡಿಮೆಯೇ? ಇಲ್ಲಿ ಗಿಡ ಸಾಯುವುದು ಬುಡದಲ್ಲಿ ನೀರು ನಿಂತು.

ನನ್ನ ಮೊದಲ ಗಿಡ ಹೋಗಿದ್ದೂ ಹಾಗೆಯೇ. ಜಗಲಿ ರಾಡಿ ಆಗಬಾರದೆಂದು ಕುಂಡದ ಕೆಳಗೆ ತಟ್ಟೆ ಇಟ್ಟಿದ್ದೆ. ಪುನರ್ವಸು ಮಳೆಯ ಹೊತ್ತಿಗೆ ಎಲೆಗಳೆಲ್ಲ ಜೋತುಬಿದ್ದವು. ಬಾಯಾರಿರಬೇಕು ಎಂದು ಇನ್ನೂ ಒಂದು ಚೊಂಬು ನೀರು ಹಾಕಿದೆ. ವಾರದ ಮೇಲೆ ಕಿತ್ತು ನೋಡಿದರೆ ಬೇರು ಕಪ್ಪಗಾಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಕೈಗೆ ಬಂತು, ಒಳಗೆ ದಾರದಂಥ ನಾರಷ್ಟೇ ಉಳಿದಿತ್ತು. ಅಡಿಕೆಗೆ ಕೊಳೆರೋಗ ತರುತ್ತದಲ್ಲ ಫೈಟಾಫ್ತೋರಾ, ಅದೇ ಕುಲದ ಇನ್ನೊಂದು ರೋಗಾಣು ಇದರ ಬೇರು ತಿನ್ನುತ್ತದೆ. ನೀರಿದ್ದರೆ ಅದರಲ್ಲೇ ಈಜಿ ಬೇರು ಸೇರುತ್ತದೆ. ಬೇರು ಕೊಳೆತ ಗಿಡವೂ ಬಾಯಾರಿದ ಗಿಡವೂ ನೋಡಲು ಒಂದೇ ಥರ. ಎಲೆ ಬಾಡಿದರೆ ಮೊದಲು ಮಣ್ಣು ಮುಟ್ಟಿ ನೋಡಿ. ಆಮೇಲೆ ಚೊಂಬು ಹಿಡಿಯಿರಿ.

ಗಿಡ, ಕುಂಡ, ಮಣ್ಣು

ತಿಂದ ಹಣ್ಣಿನ ಬೀಜ ಬಿತ್ತಿದರೂ ಗಿಡ ಬರುತ್ತದೆ. ಚಪ್ಪಟೆ ಭಾಗ ಕೆಳಗೆ, ಚೂಪು ತುದಿ ಮೇಲೆ. ಬೀಜ ಒಣಗುವ ಮೊದಲೇ ಊರಬೇಕು. ಆದರೆ ಹಣ್ಣು ಬಿಡಲು ಏಳೆಂಟು ವರ್ಷ ಹಿಡಿದೀತು, ತಾಯಿಮರದ ರುಚಿ ಸಿಗುವ ಭರವಸೆಯೂ ಇಲ್ಲ. ಹಾಗಾಗಿ ಕಸಿ ಗಿಡವೇ ಒಳ್ಳೆಯದು. ಮೂರ್ನಾಲ್ಕು ವರ್ಷಕ್ಕೆ ಹೂ ಬರುತ್ತದೆ.

ಮೊದಲು 20 ಲೀಟರಿನ ಕುಂಡ ಸಾಕು. ಎರಡು ವರ್ಷ ಕಳೆದ ಮೇಲೆ 200 ಲೀಟರಿನ ಡ್ರಮ್ಮನ್ನು ಅರ್ಧ ಕತ್ತರಿಸಿ ಅದಕ್ಕೆ ಬದಲಿಸಿ. ತಳಕ್ಕೆ ಹೆಬ್ಬೆರಳು ಹೋಗುವಷ್ಟು ದೊಡ್ಡ ಏಳೆಂಟು ತೂತು ಕೊರೆಯಿರಿ. ಕುಂಡವನ್ನು ಮೂರು ಇಟ್ಟಿಗೆಯ ಮೇಲೆ ಎತ್ತಿಡಿ. ತಟ್ಟೆ ಬೇಡವೇ ಬೇಡ. ತಳದಲ್ಲಿ ಜಲ್ಲಿ ತುಂಬುವ ರೂಢಿ ಇದೆ, ಅದರಿಂದ ನೀರೇನೂ ಬೇಗ ಬಸಿಯುವುದಿಲ್ಲ. ಬಸಿಯಬೇಕಾದ್ದು ಮಣ್ಣೇ.

ನಾನು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಪೂರ್ತಿ ಕಳಿತ ಸೊಪ್ಪಿನ ಗೊಬ್ಬರ, ಒಂದು ಪಾಲು ಇದ್ದಿಲ ಚೂರು ಬೆರೆಸುತ್ತೇನೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರಬೇಕು, ಉಂಡೆಯಾಗಿ ನಿಂತರೆ ಇನ್ನಷ್ಟು ಮರಳು ಹಾಕಿ. ತೋಟದ ಬಸಿಗಾಲುವೆ ಹತ್ತಿರದ ಮಣ್ಣು ತರಬೇಡಿ. ಬಚ್ಚಲೊಲೆಯ ಬೂದಿಯೂ ಬೇಡ. ಈ ಗಿಡಕ್ಕೆ ಸ್ವಲ್ಪ ಹುಳಿ ಮಣ್ಣು ಇಷ್ಟ, ಉಪ್ಪಿನಂಶ ಕಂಡರೆ ಆಗದು. ಕಾರವಾರ, ಕುಮಟಾದ ಕಡೆ ಸಮುದ್ರದ ಹತ್ತಿರ ಇರುವವರು ಕಡಲಗಾಳಿ ನೇರ ಬಡಿಯದ ಮೂಲೆ ಹುಡುಕಿ, ಇಲ್ಲವಾದರೆ ಎಲೆಯ ತುದಿ ಸುಟ್ಟಂತೆ ಕಂದಾಗುತ್ತದೆ.

ನೆಡುವುದು, ಮಳೆಗಾಲ ದಾಟಿಸುವುದು

ಚೌತಿ ಕಳೆದು ಮಳೆ ಕಡಿಮೆಯಾದ ಮೇಲೆ ನೆಡಿ. ಬೇರಿನ ಉಂಡೆ ಒಡೆಯಬಾರದು. ಕಸಿ ಕಟ್ಟಿದ ಗಂಟು ಮಣ್ಣಿನಿಂದ ನಾಲ್ಕು ಬೆರಳು ಮೇಲಿರಲಿ. ಇದರ ಬೇರು ಜಾಸ್ತಿ ಆಳಕ್ಕೆ ಇಳಿಯುವುದಿಲ್ಲ, ಮೇಲ್ಮಣ್ಣಿನಲ್ಲೇ ಹರಡುತ್ತದೆ. ಅದಕ್ಕೇ ಬುಡ ಕೆದಕಬೇಡಿ. ಮೇಲೆ ಎರಡು ಇಂಚು ದರಕು (ಒಣಗಿದ ಎಲೆ) ಹರಡಿ, ಕಾಂಡಕ್ಕೆ ಮಾತ್ರ ತಾಗದಿರಲಿ.

ಕುಂಡದ ದೊಡ್ಡ ಉಪಕಾರವೆಂದರೆ ಮಳೆಗಾಲದಲ್ಲಿ ಜಾಗ ಬದಲಿಸಬಹುದು. ಜೂನ್ ಬಂತೆಂದರೆ ಮಾಡಿನ ಕೆಳಗೆ, ಬೆಳಕು ಬೀಳುವ ಕಡೆ ಎಳೆದಿಡಿ. ಮಾಡಿನಿಂದ ಇಳಿಯುವ ಧಾರೆ ಕುಂಡಕ್ಕೆ ಬೀಳಬಾರದು. ಬೆರಳನ್ನು ಎರಡು ಗೆಣ್ಣು ಇಳಿಸಿ, ಒಣಗಿದ್ದರೆ ಮಾತ್ರ ನೀರು. ಬೇಸಿಗೆಯಲ್ಲಿ ಎಳೆ ಗಿಡಕ್ಕೆ ಮಧ್ಯಾಹ್ನದ ಬಿಸಿಲಿಗೆ ನೆರಳು ಬೇಕು, ಬರಿದಾದ ಕಾಂಡಕ್ಕೆ ಸುಣ್ಣ ಬಳಿದರೆ ತೊಗಟೆ ಸುಡುವುದಿಲ್ಲ.

ಗಿಡ ಮೊಳಕಾಲೆತ್ತರ ದಾಟಿದಾಗ ಸುಳಿ ಚಿವುಟಿದರೆ ಪಕ್ಕದ ಕೊಂಬೆ ಒಡೆಯುತ್ತದೆ. ಕತ್ತರಿಸಿದ ಸೊಪ್ಪನ್ನು ಮಾತ್ರ ಕೊಟ್ಟಿಗೆಗೆ ಒಯ್ಯಬೇಡಿ! ಅದರಲ್ಲಿ ಪರ್ಸಿನ್ ಎಂಬ ವಿಷವಿದೆ. ದನ, ಆಡು ತಿಂದರೆ ಕೆಚ್ಚಲು ಬಾತು ಹಾಲು ಕಡಿಮೆಯಾಗುತ್ತದೆ, ಜಾಸ್ತಿ ತಿಂದರೆ ಹೃದಯಕ್ಕೇ ಪೆಟ್ಟು. ಮನೆಯವರಿಗೆಲ್ಲ ಇದನ್ನು ಹೇಳಿಡಿ.

ಚಳಿಗಾಲದಲ್ಲಿ ಹೂ ಬರುತ್ತದೆ. ಒಂದೊಂದು ಹೂವೂ ಎರಡು ಸಲ ಅರಳುತ್ತದೆ: ಮೊದಲು ಹೆಣ್ಣಾಗಿ, ಮರುದಿನ ಗಂಡಾಗಿ. ಕೆಲವು ತಳಿ ಬೆಳಿಗ್ಗೆ ಹೆಣ್ಣು, ಕೆಲವು ಮಧ್ಯಾಹ್ನ. ಹೊತ್ತು ಹೊಂದುವ ಎರಡು ತಳಿ ಅಕ್ಕಪಕ್ಕ ಇಟ್ಟರೆ ಕಾಯಿ ಕಚ್ಚುವುದು ಜಾಸ್ತಿ. ಉದಾಹರಣೆಗೆ ಹಾಸ್ ಮತ್ತು ಫ್ಯುಯೆರ್ಟೆ. ತುಡುವೆಯೋ ಮಿಸರಿಯೋ ಜೇನು ಹತ್ತಿರವಿದ್ದರಂತೂ ಇನ್ನೂ ಒಳ್ಳೆಯದು. ಹೂವಿನಲ್ಲಿ ಮುಕ್ಕಾಲುವಾಸಿಗಿಂತ ಹೆಚ್ಚು ಉದುರಿಯೇ ಹೋಗುತ್ತವೆ, ಗಾಬರಿ ಬೇಡ.

ಕಾಯಿ ಮರದಲ್ಲೇ ಹಣ್ಣಾಗುವುದಿಲ್ಲ. ಬಲಿತಂತೆ ಕಂಡಾಗ ಒಂದನ್ನೇ ಕೊಯ್ದು ಅಕ್ಕಿ ಡಬ್ಬಿಯಲ್ಲಿಡಿ. ವಾರ, ಹತ್ತು ದಿನದಲ್ಲಿ ಸುಕ್ಕಾಗದೆ ಮೆತ್ತಗಾದರೆ ಉಳಿದವನ್ನೂ ಕೊಯ್ಯಬಹುದು. ಸುಕ್ಕುಗಟ್ಟಿ ರಬ್ಬರಿನಂತಾದರೆ ಇನ್ನೆರಡು ವಾರ ಬಿಟ್ಟು ಮತ್ತೊಂದು ಕೊಯ್ದು ನೋಡಿ.