ಕೊರ್ಡೋಬಾ, ಸೆವಿಲ್, ಗ್ರನಾಡಾ: ಮೂರು ಊರುಗಳನ್ನು ಕಾಲಕ್ರಮದಲ್ಲಿ ನೋಡುವ ಬಗೆ

ದಕ್ಷಿಣ ಸ್ಪೇನಿನ ಆಂದಲೂಸಿಯಾ ಪ್ರವಾಸವನ್ನು ವಿಮಾನದ ಟಿಕೆಟ್‌ನಿಂದ ಶುರು ಮಾಡಬಾರದು. ಗ್ರನಾಡಾದ ಗುಡ್ಡದ ಮೇಲಿನ ಅಲ್‌ಹಂಬ್ರಾ ಎಂಬ ಅರಮನೆ ಸಮುಚ್ಚಯದೊಳಗೆ ಮುಸ್ಲಿಂ ದೊರೆಗಳು ಕಟ್ಟಿಸಿದ ನಸ್ರಿದ್ ಅರಮನೆಗಳಿಗೆ ಯಾವ ದಿನ, ಎಷ್ಟು ಗಂಟೆಗೆ ಪ್ರವೇಶ ಸಿಗುತ್ತದೆ ಎನ್ನುವುದು ಮೊದಲು ಗೊತ್ತಾಗಬೇಕು. ಅದೊಂದು ಕೈಗೆ ಬಂದರೆ ಹಿಂದಕ್ಕೆ ಎಣಿಸುತ್ತ ಹೋಗಿ ಹೋಟೆಲು, ರೈಲು, ಕೊನೆಗೆ ವಿಮಾನ ಹೊಂದಿಸಬಹುದು. ಬೆಂಗಳೂರಿನಿಂದ ಹೊರಟ 12 ಜನರ ಗುಂಪಿಗೆ 9 ರಾತ್ರಿಗಳ ಪ್ರವಾಸವನ್ನು ನಾನು ಹೊಂದಿಸಿದ್ದು ಹೀಗೆ. ಮ್ಯಾಡ್ರಿಡ್‌ನಲ್ಲಿ 1 ರಾತ್ರಿ, ಕೊರ್ಡೋಬಾದಲ್ಲಿ 2, ಸೆವಿಲ್‌ನಲ್ಲಿ 3, ಗ್ರನಾಡಾದಲ್ಲಿ 3. ಇಳಿದದ್ದು ಮ್ಯಾಡ್ರಿಡ್‌ನಲ್ಲಿ, ವಾಪಸು ಹತ್ತಿದ್ದು ಮಾಲಗಾದಲ್ಲಿ. ಹೋಗುವ ಊರು ಒಂದು, ಮರಳುವ ಊರು ಇನ್ನೊಂದು ಎಂದು ಒಂದೇ ಟಿಕೆಟ್ ಮಾಡಿಸಿದರೆ ಮ್ಯಾಡ್ರಿಡ್‌ಗೆ ಮತ್ತೆ ಹೋಗುವ ಒಂದಿಡೀ ದಿನ ಉಳಿಯುತ್ತದೆ.

ಊರುಗಳ ಅನುಕ್ರಮಕ್ಕೆ ಕಾರಣವಿದೆ. ಬಹಳಷ್ಟು ಪ್ಯಾಕೇಜುಗಳು ಬಸ್ಸಿನ ಅನುಕೂಲ ನೋಡಿ ಗ್ರನಾಡಾವನ್ನು ಮೊದಲು ತೋರಿಸುತ್ತವೆ. ಅಲ್‌ಹಂಬ್ರಾದ ಗಾರೆಯ ಕೆತ್ತನೆ ನೋಡಿದ ಕಣ್ಣಿಗೆ ಆಮೇಲೆ ಕೊರ್ಡೋಬಾದ ಕಲ್ಲಿನ ಕಮಾನು ಒರಟಾಗಿ ಕಾಣುತ್ತದೆ. ಅದು ಕೊರ್ಡೋಬಾಕ್ಕೆ ಮಾಡುವ ಅನ್ಯಾಯ. ಕಟ್ಟಿದ ಕ್ರಮದಲ್ಲೇ ನೋಡಿದರೆ ಕಣ್ಣು ತಾನಾಗಿ ಕಲಿಯುತ್ತ ಹೋಗುತ್ತದೆ. ಗುಂಪಿನವರಿಗೆ ಕಾಲದ ಅಂದಾಜು ಸಿಗಲಿ ಎಂದು ನಮ್ಮ ಕಡೆಯ ಕಟ್ಟಡಗಳನ್ನು ಪಕ್ಕಕ್ಕಿಟ್ಟು ಒಂದು ಹಾಳೆ ಮಾಡಿ ಕೊಟ್ಟೆ. ಕೊರ್ಡೋಬಾದ ಮಹಾಮಸೀದಿಯ ಕೆಲಸ ಶುರುವಾದದ್ದು 785ರ ಹೊತ್ತಿಗೆ. ಆಗ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಎದ್ದು ಅರ್ಧ ಶತಮಾನವೂ ಆಗಿರಲಿಲ್ಲ. ಸೆವಿಲ್‌ನ ಹಿರಾಲ್ದಾ ಗೋಪುರ (ಮೊದಲು ಮಸೀದಿಯ ಮಿನಾರು, ಈಗ ಕೆಥೆಡ್ರಲ್‌ನ ಗಂಟೆಗೋಪುರ) 1184ರಿಂದ 1198ರ ನಡುವಿನದು. ತರೀಕೆರೆ ಬಳಿಯ ಅಮೃತಾಪುರದಲ್ಲಿ ವೀರಬಲ್ಲಾಳನ ಕಾಲದ ಅಮೃತೇಶ್ವರ ದೇವಾಲಯ ಆದದ್ದು 1196ರಲ್ಲಿ. ಅಲ್‌ಹಂಬ್ರಾದ ಮುಖ್ಯ ಅರಮನೆಗಳಲ್ಲಿ ಒಂದು ಭಾಗವನ್ನು ಕಟ್ಟಿಸಿದ ಒಂದನೇ ಯೂಸುಫ್ 1333ರಿಂದ 1354ರವರೆಗೆ ಆಳಿದವನು, ಅಂದರೆ ಹಕ್ಕಬುಕ್ಕರ ಸಮಕಾಲೀನ. ಈ ಮೂರು ಸಾಲು ತಲೆಯಲ್ಲಿದ್ದರೆ ಗೈಡ್ ಹೇಳುವ ಇಸವಿಗಳು ಗಾಳಿಗೆ ಹೋಗುವುದಿಲ್ಲ.

ಈಗ ಟಿಕೆಟ್ ವಿಚಾರ. ಹೆಚ್ಚಿನವರು ಎಡವುವುದು ಇಲ್ಲೇ. ಅಲ್‌ಹಂಬ್ರಾದ ಅಧಿಕೃತ ತಾಣದಲ್ಲಿ ಹಲವು ಬಗೆಯ ಟಿಕೆಟ್‌ಗಳಿವೆ. ‘ಹಾರ್ದಿನೆಸ್’ ಎಂದು ಶುರುವಾಗುವುದು ತೋಟ, ಹೆನೆರಲೀಫೆ (ದೊರೆಗಳ ಬೇಸಿಗೆಯ ಅರಮನೆ ಮತ್ತು ತೋಟ) ಮತ್ತು ಕೋಟೆಗೆ ಮಾತ್ರ. ಅದರಲ್ಲಿ ನಸ್ರಿದ್ ಅರಮನೆಗಳು ಇಲ್ಲ. ಬೆಲೆ ಕಡಿಮೆ, ದಿನಾಂಕವೂ ಸುಲಭವಾಗಿ ಸಿಗುತ್ತದೆ ಎಂದು ಅದನ್ನೇ ಕೊಂಡು, ಬಾಗಿಲಲ್ಲಿ ನಿಂತಾಗ ಸತ್ಯ ತಿಳಿದು ಪೇಚಾಡುವವರು ಬಹಳ. ಬೇಕಾದದ್ದು ‘ಹೆನೆರಾಲ್’. ಅದು ಸಿಗದಿದ್ದರೆ ‘ದೋಬ್ಲಾ ದೆ ಓರೋ’ ಎಂಬ ಸಂಯುಕ್ತ ಟಿಕೆಟ್ ನೋಡಿ. ಊರಿನ ಇತರ ಹಳೆಯ ಕಟ್ಟಡಗಳ ಜೊತೆಗೆ ಅರಮನೆಯೂ ಅದರಲ್ಲಿ ಸೇರಿದೆ. ವಸಂತದಲ್ಲಿ ಹೋಗುವುದಾದರೆ ಮೂರು ತಿಂಗಳು ಮುಂಚೆಯೇ ಕೊಂಡಿಡುವುದು ಕ್ಷೇಮ. ವೀಸಾ ಬರುವ ಮೊದಲೇ ಕೊಳ್ಳಬೇಕೇ? ಕೊಳ್ಳಬೇಕು. ವೀಸಾ ಸಿಗದೆ ಹೋದರೆ ಹೋಗುವುದು ಆ ಟಿಕೆಟ್‌ನ ದುಡ್ಡು ಮಾತ್ರ.

ಟಿಕೆಟ್ ಮೇಲೆ ಪ್ರತಿಯೊಬ್ಬರ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಇರುತ್ತದೆ. ನಮ್ಮವರ ಹೆಸರುಗಳು ಸ್ಪೇನಿನ ಅರ್ಜಿಗೆ ಒಗ್ಗುವುದಿಲ್ಲ. ಅಲ್ಲಿ ಒಬ್ಬರಿಗೆ ಎರಡು ಅಡ್ಡಹೆಸರು, ನಮ್ಮಲ್ಲಿ ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಅಡ್ಡಹೆಸರಿನ ಸಾಲೇ ಖಾಲಿ, ಇಲ್ಲವೇ ಬರೀ ಇನಿಷಿಯಲ್. ಮನೆಯಲ್ಲಿ ಕರೆಯುವ ಹೆಸರನ್ನೋ ಆಧಾರ್‌ನಲ್ಲಿರುವುದನ್ನೋ ತುಂಬಬೇಡಿ. ಪಾಸ್‌ಪೋರ್ಟ್ ನೋಡಿಕೊಂಡು ಅಕ್ಷರಕ್ಕೆ ಅಕ್ಷರ ಬರೆಯಿರಿ. ಸಂಖ್ಯೆಯನ್ನು ಒಬ್ಬರು ಓದಿ ಇನ್ನೊಬ್ಬರು ಪರಿಶೀಲಿಸಬೇಕು. ಸೊನ್ನೆ ಮತ್ತು ‘ಓ’ ಅಕ್ಷರದ ಗೊಂದಲ ಪ್ರತಿ ಗುಂಪಿನಲ್ಲೂ ಒಂದಾದರೂ ಬರುತ್ತದೆ. ಆ ದಿನ ಮೂಲ ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಸೆವಿಲ್‌ನ ಅಲ್ಕಾಸರ್ ಅರಮನೆಗೂ ಸಮಯ ನಮೂದಾದ, ಹೆಸರಿರುವ ಟಿಕೆಟ್ಟೇ.

ವೀಸಾ ಕುರಿತು ಎರಡೇ ಮಾತು. ಷೆಂಗೆನ್ ವೀಸಾದ (ಸ್ಪೇನ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿಯನ್ನು ಹೊರಡುವ 6 ತಿಂಗಳ ಮುಂಚಿನಿಂದ ಕೊಡಬಹುದು, ಪ್ರವಾಸದ ವಿಮೆಯ ಮೊತ್ತ ಕನಿಷ್ಠ 30,000 ಯೂರೋ ಇರಬೇಕು. ದಿನಚರಿಯಲ್ಲಿ ಬರೆದ ಊರು ಮತ್ತು ಹೋಟೆಲಿನ ತಾರೀಖುಗಳ ನಡುವೆ ಒಂದು ರಾತ್ರಿಯೂ ಬಿಟ್ಟುಹೋಗಬಾರದು.

ಕಾಲ: ಮಾರ್ಚ್ ಮಧ್ಯದಿಂದ ಮೇ ಮೊದಲ ವಾರ, ಇಲ್ಲವೇ ಅಕ್ಟೋಬರ್. ಜುಲೈ, ಆಗಸ್ಟ್‌ನಲ್ಲಿ ಸೆವಿಲ್ ಮತ್ತು ಕೊರ್ಡೋಬಾ 40 ಡಿಗ್ರಿ ದಾಟುತ್ತವೆ. ರಾಯಚೂರಿನ ಬಿಸಿಲು ಕಂಡವರಿಗೂ ಮಧ್ಯಾಹ್ನ ನಡೆಯಲಾಗದು. ಈಸ್ಟರ್‌ಗೆ ಮುಂಚಿನ ವಾರ ಸೆವಿಲ್‌ನಲ್ಲಿ ಮೆರವಣಿಗೆಗಳ ವಾರ. ನೋಡಲೇಬೇಕು ಎಂದು ಹೋಗುವವರಿಗೆ ಅದು ಅಪೂರ್ವ; ಕಟ್ಟಡ ನೋಡಲು ಹೋಗುವವರಿಗೆ ರಸ್ತೆ ಬಂದ್, ಹೋಟೆಲ್ ದುಬಾರಿ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ ಬರುತ್ತದೆ, ಅದನ್ನು ನೋಡಿ ತಾರೀಖು ಹಾಕಿ. ವಾರದ ದಿನವೂ ಮುಖ್ಯ. ಕೊರ್ಡೋಬಾದ ಹಳೆಯ ಸಿನಗಾಗ್‌ಗೆ (ಯಹೂದಿಗಳ ಪ್ರಾರ್ಥನಾಲಯ) ಸೋಮವಾರ ರಜೆ. ಭಾನುವಾರ ಬೆಳಗ್ಗೆ ಕೆಥೆಡ್ರಲ್‌ಗಳಲ್ಲಿ ಪೂಜೆ ಇರುವುದರಿಂದ ಸೆವಿಲ್‌ನಲ್ಲಿ ಪ್ರವಾಸಿಗಳಿಗೆ ಮಧ್ಯಾಹ್ನದ ಮೇಲೆಯೇ ಪ್ರವೇಶ.

ಗೈಡ್‌ಗಳನ್ನು ಪ್ರತಿ ಊರಲ್ಲೂ ಬೇರೆ ಬೇರೆ ಗೊತ್ತುಮಾಡಬೇಕು. ಮಾನ್ಯತೆ ಪಡೆದ ಸ್ಥಳೀಯರು ಸಿಗುತ್ತಾರೆ, ಶುಲ್ಕ ತಲೆಗಲ್ಲ, ಗುಂಪಿಗೆ, ಸಾಮಾನ್ಯವಾಗಿ 3 ಗಂಟೆಯ ಲೆಕ್ಕ. ಇಡೀ ದಿನದ ಗೈಡ್ ಬೇಡವೇ ಬೇಡ. ಮೂರನೇ ಗಂಟೆ ಮುಗಿದ ಮೇಲೆ ಯಾರ ಕಿವಿಗೂ ಏನೂ ಇಳಿಯುವುದಿಲ್ಲ. ನಮ್ಮ 9 ರಾತ್ರಿಗಳ ಪ್ರವಾಸಕ್ಕೆ ನಾಲ್ಕು ಸಲ ಸಾಕಾಯಿತು: ಮಸೀದಿ, ಅಲ್ಕಾಸರ್, ಸೆವಿಲ್‌ನ ಕೆಥೆಡ್ರಲ್, ಅಲ್‌ಹಂಬ್ರಾ. ಗುಂಪಿಗೆ ಕಿವಿಗೆ ಸಿಕ್ಕಿಸುವ ರೇಡಿಯೊ ಕೊಡುತ್ತಾರೆ. ಹೊರಡುವ ಮುನ್ನ ಎಲ್ಲರ ಚಾನೆಲ್ ಒಂದೇ ಇದೆಯೇ, ಬ್ಯಾಟರಿ ಇದೆಯೇ ನೋಡಿ. ಅದರ ಜೊತೆ ಬರುವ ಇಯರ್‌ಫೋನ್ ಸಡಿಲ, ಹಿರಿಯರ ಕಿವಿಯಲ್ಲಿ ನಿಲ್ಲುವುದಿಲ್ಲ. ತಂತಿಯ ಹಳೆಯ ಇಯರ್‌ಫೋನ್ ಮನೆಯಿಂದ ತಂದರೆ ಅದೇ ತೂತಿಗೆ ಸಾಮಾನ್ಯವಾಗಿ ಹೊಂದುತ್ತದೆ.

ಕೊರ್ಡೋಬಾದ ಮಸೀದಿಯನ್ನು ಎರಡು ಸಲ ನೋಡಬೇಕು. ಸೋಮವಾರದಿಂದ ಶನಿವಾರದವರೆಗೆ ಬೆಳಗ್ಗೆ 8:30ರಿಂದ 9:30ರವರೆಗೆ ಉಚಿತ ಪ್ರವೇಶ, ಆದರೆ ಗುಂಪುಗಳಿಗಿಲ್ಲ. ಒಬ್ಬೊಬ್ಬರೇ, ಇಬ್ಬಿಬ್ಬರೇ ಒಳಗೆ ಹೋಗಿ ಮಾತಿಲ್ಲದೆ ಸುತ್ತಾಡಿ. 9:30ಕ್ಕೆ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಎದುರಿನ ಬೀದಿಯಲ್ಲಿ ಕಾಫಿ ಕುಡಿದು, 10:30ಕ್ಕೆ ಟಿಕೆಟ್ ಪಡೆದು ಗೈಡ್ ಜೊತೆ ಮತ್ತೆ ಹೋಗಿ. ಮೊದಲ ಸಲ ಮೂಡಿದ ಪ್ರಶ್ನೆಗಳಿಗೆ ಎರಡನೇ ಸಲ ಉತ್ತರ ಸಿಗುತ್ತದೆ.

ಒಳಗೆ 856 ಕಂಬಗಳಿವೆ. ಹತ್ತಿರ ಹೋಗಿ ನೋಡಬೇಕಾದದ್ದು ಕಂಬದ ಎತ್ತರ. ಹಳೆಯ ಭಾಗದ ಕಂಬಗಳು ರೋಮನ್ನರ ಮತ್ತು ಅವರ ನಂತರ ಆಳಿದ ವಿಸಿಗೋಥರ ಕಟ್ಟಡಗಳಿಂದ ಕಿತ್ತು ತಂದವು. ಒಂದು ಗ್ರಾನೈಟ್, ಇನ್ನೊಂದು ಅಮೃತಶಿಲೆ, ಬೋದಿಗೆಗಳೂ ಒಂದರಂತೆ ಇನ್ನೊಂದಿಲ್ಲ. ಅಷ್ಟು ದೊಡ್ಡ ಹಜಾರಕ್ಕೆ ಆ ಕಂಬಗಳು ಗಿಡ್ಡವಾದವು. ಸೂರನ್ನು ಮೇಲಕ್ಕೆತ್ತಲು ಒಂದು ಕಮಾನಿನ ಮೇಲೆ ಇನ್ನೊಂದು ಕಮಾನು ಕಟ್ಟಿದರು. ಕೆಂಪು ಪಟ್ಟೆ ಇಟ್ಟಿಗೆ, ಬಿಳಿ ಪಟ್ಟೆ ಕಲ್ಲು. ಪೂರ್ವಕ್ಕೆ ಹತ್ತನೇ ಶತಮಾನದ ಮಂತ್ರಿ ಅಲ್‌ಮನ್ಸೂರ್ ವಿಸ್ತರಿಸಿದ ಭಾಗಕ್ಕೆ ಬಂದಾಗ ಅದೇ ಕಮಾನನ್ನು ಮತ್ತೆ ನೋಡಿ: ಅಲ್ಲಿ ಇಟ್ಟಿಗೆಯಿಲ್ಲ, ಕಲ್ಲಿಗೆ ಕೆಂಪು ಬಣ್ಣ ಬಳಿದಿದ್ದಾರೆ. ಗೈಡ್ ಇದನ್ನು ಹೇಳದೆ ಮುಂದೆ ಹೋದರೆ ನಿಲ್ಲಿಸಿ ಕೇಳಿ. ನಡುವೆ 1523ರಲ್ಲಿ ಶುರುವಾದ ಕೆಥೆಡ್ರಲ್ ಎದ್ದಿದೆ. ಕೆಲವರಿಗೆ ಅದು ಗಾಯದಂತೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಪೂಜೆ ನಡೆಯುತ್ತ ಬಂದದ್ದರಿಂದಲೇ ಉಳಿದ ಕಂಬಗಳೂ ಉಳಿದುಕೊಂಡವು.

ಕೊರ್ಡೋಬಾದಿಂದ ಸೆವಿಲ್‌ಗೆ ‘ಆವೆ’ ವೇಗದ ರೈಲಿನಲ್ಲಿ ಸುಮಾರು 45 ನಿಮಿಷ. ನಿಲ್ದಾಣದಲ್ಲಿ ಸಾಮಾನನ್ನು ಸ್ಕ್ಯಾನ್ ಮಾಡುತ್ತಾರೆ, ಹೊರಡುವ ಕೆಲವು ನಿಮಿಷ ಮುಂಚೆ ಗೇಟು ಮುಚ್ಚುತ್ತಾರೆ. ನಮ್ಮೂರಿನಂತೆ ಓಡಿ ಹತ್ತುವ ಮಾತಿಲ್ಲ. ಅರ್ಧ ಗಂಟೆ ಮುಂಚೆ ಇರಿ.

ಸೆವಿಲ್‌ನಲ್ಲಿ ಹಿರಾಲ್ದಾ ಗೋಪುರಕ್ಕೆ ಹೆದರಬೇಡಿ. ಮೆಟ್ಟಿಲುಗಳ ಬದಲು 35 ಇಳಿಜಾರುಗಳಿವೆ. ಕುದುರೆಯ ಮೇಲೆ ಹತ್ತಲೆಂದು ಹಾಗೆ ಕಟ್ಟಿದ್ದು. ಮಂಡಿನೋವಿನವರೂ ಪ್ರತಿ ಕಿಟಕಿಯಲ್ಲಿ ನಿಂತು ನಿಂತು ಹತ್ತಬಹುದು, ಕೊನೆಯಲ್ಲಿ ಮಾತ್ರ ಕೆಲವು ಮೆಟ್ಟಿಲು. ಕೆಳಗಿನ ಇಟ್ಟಿಗೆಯ ಜಾಲರಿ ಹನ್ನೆರಡನೇ ಶತಮಾನದ್ದು, ಮೇಲಿನ ಗಂಟೆಯ ಮನೆ ಹದಿನಾರನೆಯದ್ದು. ಆ ಹೊಲಿಗೆ ರಸ್ತೆಯಿಂದಲೇ ಕಾಣುತ್ತದೆ. ಅಲ್ಕಾಸರ್‌ನಲ್ಲಿ 1364ರಿಂದ ಪೆದ್ರೋ ದೊರೆ ಕಟ್ಟಿಸಿದ ಭಾಗ ನೋಡುವಾಗ ಒಂದು ವಿಷಯ ನೆನಪಿರಲಿ: ಇದು ಕ್ರೈಸ್ತ ರಾಜನ ಮನೆ, ಆದರೂ ಗೋಡೆಗಳ ಮೇಲೆ ಅರಬ್ಬಿ ಬರಹ. ಗ್ರನಾಡಾಕ್ಕೆ ಹೋಗುವ ಮೊದಲು ಇದನ್ನು ನೋಡಿದರೆ ಅಲ್ಲಿಯ ಗಾರೆಗೆಲಸದ ಭಾಷೆ ಅರ್ಧ ತಿಳಿದಿರುತ್ತದೆ. ಕೆಥೆಡ್ರಲ್ ಬಾಗಿಲಲ್ಲಿ ರೋಸ್‌ಮೆರಿ ಕಡ್ಡಿಯನ್ನು ಕೈಗೆ ತುರುಕಲು ಬರುವವರಿದ್ದಾರೆ. ಹಿಡಿದರೆ ಕೈ ನೋಡಿ ಭವಿಷ್ಯ ಹೇಳಿ ದುಡ್ಡು ಕೇಳುತ್ತಾರೆ. ಕೈ ಚಾಚದೆ ನಡೆಯುವುದೊಂದೇ ಉಪಾಯ.

ಊಟ. ಸಸ್ಯಾಹಾರಿಗಳಿಗೆ ಇಲ್ಲಿ ಹಸಿವೆ ಆಗಬೇಕಿಲ್ಲ, ಆದರೆ ‘ವೆಹೆತಾರಿಯಾನೊ’ ಎಂದಷ್ಟೇ ಹೇಳಿದರೆ ಸಾಲದು. ಸಲಾಡ್‌ನಲ್ಲಿ ಟ್ಯೂನಾ ಮೀನು ಬರುತ್ತದೆ, ಬೇಳೆಯ ಸಾರಿನಲ್ಲಿ ಚೊರೀಸೊ (ಹಂದಿಮಾಂಸದ ಸಾಸೇಜ್) ಇರುತ್ತದೆ. ಚೀಟಿಯಲ್ಲಿ ಬರೆದುಕೊಂಡು ತೋರಿಸಿ: ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್, ಸಿನ್ ಅತೂನ್’ (ಮಾಂಸ, ಮೀನು, ಒಣಗಿಸಿದ ಹಂದಿಮಾಂಸ, ಟ್ಯೂನಾ ಬೇಡ), ಮೊಟ್ಟೆ ತಿನ್ನದವರು ‘ಸಿನ್ ವೆವೊ’ ಸೇರಿಸಿ. ಸೆವಿಲ್‌ನ ಪಾಲಕ್-ಕಡಲೆ ಪಲ್ಯ ‘ಎಸ್ಪಿನಾಕಾಸ್ ಕೊನ್ ಗರ್ಬಾನ್ಸೊಸ್’ ಜೀರಿಗೆ ಹಾಕಿದ್ದು, ನಮ್ಮ ನಾಲಿಗೆಗೆ ಮೊದಲ ತುತ್ತಿಗೇ ಒಗ್ಗುತ್ತದೆ. ಕೊರ್ಡೋಬಾದಲ್ಲಿ ಕರಿದ ಬದನೆಗೆ ಕಬ್ಬಿನ ಕಾಕಂಬಿ ಸುರಿದ ‘ಬೆರೆನ್‌ಹೆನಾಸ್ ಕೊನ್ ಮಿಯೆಲ್’. ಅಲ್ಲಿಯದೇ ಸಾಲ್ಮೊರೆಹೊ ಟೊಮ್ಯಾಟೊ, ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ ರುಬ್ಬಿದ ತಣ್ಣನೆಯ ಗೊಜ್ಜು. ಮೇಲೆ ಮೊಟ್ಟೆ ಮತ್ತು ಹಂದಿಮಾಂಸದ ಚೂರು ಉದುರಿಸುತ್ತಾರೆ, ಮೊದಲೇ ಬೇಡವೆನ್ನಿ. ಪುಡಿಪುಡಿಯಾಗುವ ‘ಮಾಂತೆಕಾದೊ’, ‘ಪೊಲ್ವೊರೋನ್’ ಸಿಹಿಗಳಲ್ಲಿ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬೇ ಇರುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಅಡುಗೆಮನೆ ಮಧ್ಯಾಹ್ನ 1:30ರಿಂದ 4, ಮತ್ತೆ ರಾತ್ರಿ 8:30ರ ಮೇಲೆ. ನಡುವೆ ಹಸಿದವರಿಗೆಂದು ಚಕ್ಕುಲಿ, ಅವಲಕ್ಕಿಯ ಡಬ್ಬ ಇರಲಿ. ನಲ್ಲಿ ನೀರು ಕುಡಿಯಬಹುದು. 2022ರ ಕಾನೂನಿನ ಪ್ರಕಾರ ಹೋಟೆಲಿನವರು ಅದನ್ನು ಪುಕ್ಕಟೆ ಕೊಡಬೇಕು, ‘ಆಗ್ವಾ ದೆಲ್ ಗ್ರಿಫೊ’ ಎಂದು ಕೇಳಿ.

ಸೆವಿಲ್‌ನಿಂದ ಗ್ರನಾಡಾಕ್ಕೆ ಬಸ್ಸಿನಲ್ಲಿ 3 ಗಂಟೆ. ಅಲ್ಬಾಯ್ಸಿನ್ ಗುಡ್ಡದ ಬೀದಿಗಳು ಚಿತ್ರದಲ್ಲಿ ಚಂದ. ಆದರೆ ಉರುಟುಗಲ್ಲಿನ ಏರು, ಟ್ಯಾಕ್ಸಿ ಹೋಗದ ಓಣಿ, ಸೂಟ್‌ಕೇಸಿನ ಚಕ್ರ ಮುರಿಯುತ್ತದೆ. ಹೋಟೆಲ್ ಕೆಳಗೆ ಪ್ಲಾಸಾ ನುವೆವಾ ಸುತ್ತ ಇರಲಿ.

ಅಲ್‌ಹಂಬ್ರಾಕ್ಕೆ ನಾನು ಆರಿಸುವುದು 10:30ರ ಅರಮನೆ ಸಮಯ. ಟಿಕೆಟ್ ಕೈಯಲ್ಲಿದ್ದರೆ ಮೇಲಿನ ಮುಖ್ಯ ಕೌಂಟರ್‌ಗೆ ಹೋಗಬೇಕಿಲ್ಲ. ಸಿ30 ಅಥವಾ ಸಿ32 ಪುಟ್ಟ ಬಸ್ಸಿನಲ್ಲಿ ನ್ಯಾಯದ ಬಾಗಿಲಿನ ಬಳಿ ಇಳಿದು, 1348ರ ಆ ಬಾಗಿಲಿಂದಲೇ ಒಳಗೆ ಹೋಗಿ. 9 ಗಂಟೆಗೆ ಪಶ್ಚಿಮ ತುದಿಯ ಕೋಟೆ, 10:15ಕ್ಕೆ ಅರಮನೆಯ ಸಾಲು, ಅದಾದ ಮೇಲೆ ಪಾರ್ತಾಲ್ ತೋಟದ ಮೂಲಕ ಪೂರ್ವಕ್ಕೆ ನಡೆದು ಹೆನೆರಲೀಫೆ, ಅಲ್ಲಿಂದಲೇ ಬಸ್ಸು. ಹೀಗೆ ಹೋದರೆ ನಡೆದ ದಾರಿಯಲ್ಲೇ ಹಿಂದೆ ಬರಬೇಕಾಗಿಲ್ಲ. ಮೇಲಿನ ಕೌಂಟರ್‌ನಿಂದ ಅರಮನೆಗೆ 15-20 ನಿಮಿಷದ ನಡಿಗೆ ಇದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಹೆನೆರಲೀಫೆಯಲ್ಲಿ ಕುಳಿತವರು ಸಮಯ ತಪ್ಪಿಸಿಕೊಳ್ಳುತ್ತಾರೆ. ಕೋಟೆ, ಅರಮನೆ, ಹೆನೆರಲೀಫೆ ಮೂರಕ್ಕೂ ಒಂದೊಂದೇ ಪ್ರವೇಶ, ಹೊರಬಂದರೆ ಮತ್ತೆ ಬಿಡುವುದಿಲ್ಲ. ಬೆನ್ನಚೀಲವನ್ನು ಎದೆಯ ಕಡೆ ಹಾಕಿಕೊಳ್ಳಬೇಕು, ಗಾರೆಗೆ ಉಜ್ಜಬಾರದೆಂದು.

ಸಿಂಹದ ಅಂಗಳದಲ್ಲಿ 124 ಕಂಬ, 12 ಸಿಂಹ. ಎಲ್ಲರೂ ಸಿಂಹಗಳ ಫೋಟೊ ತೆಗೆಯುವಾಗ ನೀವು ಕಮಾನು ನೋಡಿ. ಕೊರ್ಡೋಬಾದಲ್ಲಿ ಸೂರು ಹೊತ್ತಿದ್ದ ಕಮಾನು ಇಲ್ಲಿ ಭಾರ ಹೊರುವುದನ್ನೇ ಬಿಟ್ಟಿದೆ. ಗಾರೆಯ ತೆರೆಯಂತೆ ಕಂಬಗಳ ನಡುವೆ ಇಳಿಬಿದ್ದಿದೆ. ಹತ್ತಿರದಿಂದ ನೋಡಿದರೆ ಜಾಲರಿಯ ತೂತುಗಳ ಮೂಲಕ ಆಚೆಯ ಬೆಳಕು ಕಾಣುತ್ತದೆ. ಪಕ್ಕದ ಇಬ್ಬರು ಸಹೋದರಿಯರ ಕೋಣೆಯ ಗುಮ್ಮಟದಡಿ ಗೈಡ್‌ಗೆ ಐದು ನಿಮಿಷ ಮೌನವಾಗಿರಲು ಮೊದಲೇ ಹೇಳಿಡಿ, ರೇಡಿಯೊ ಆಫ್ ಮಾಡಿ, ಗೋಡೆಗೆ ತಾಗದಂತೆ ನಿಂತು ಮೇಲೆ ನೋಡಿ.

ಅಂದು ಮಧ್ಯಾಹ್ನಕ್ಕೆ ಬೇರೇನೂ ಇಟ್ಟುಕೊಳ್ಳಬೇಡಿ. ಸಂಜೆ ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಸಿ31 ಬಸ್ಸಿನಲ್ಲಿ ಸಾನ್ ನಿಕೊಲಾಸ್ ಕಟ್ಟೆಗೆ ಹೋದರೆ, ಬೆಳಗ್ಗೆ ಒಳಗಿನಿಂದ ನೋಡಿದ ಗೋಡೆಗಳೆಲ್ಲ ಎದುರಿನ ಗುಡ್ಡದ ಮೇಲೆ ಕೆಂಪಗಾಗುತ್ತ ನಿಂತಿರುತ್ತವೆ. ಚಳಿಗೆ ಸ್ವೆಟರ್ ಒಯ್ಯಿರಿ. ಏಪ್ರಿಲ್‌ನಲ್ಲೂ ಊರಿನಾಚೆಯ ಸಿಯೆರಾ ನೆವಾದಾ ಬೆಟ್ಟಸಾಲಿನ ಮೇಲೆ ಹಿಮವಿರುತ್ತದೆ.