ಎರೆ ಮಣ್ಣಿನ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು: ಅಗೆತದಿಂದ ಸಂದಿನ ಮರಳಿನವರೆಗೆ

ದಾವಣಗೆರೆ, ಹರಿಹರದ ಸುತ್ತ ಭದ್ರಾ ನಾಲೆಯ ಭತ್ತದ ಗದ್ದೆಗಳು ಬಡಾವಣೆಗಳಾದ ಕಡೆ ಮನೆ ಮುಂದಿನ ಇಂಟರ್‌ಲಾಕ್ ನೆಲ ಅಲೆಅಲೆಯಾಗಿ ಏಳುವುದನ್ನು ನೋಡಿರುತ್ತೀರಿ. ಬೈಸಿಕೊಳ್ಳುವುದು ಕಲ್ಲು, ತಪ್ಪು ಕೆಳಗಿನ ಎರೆ ಮಣ್ಣಿನದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಅಂಥ ಮಣ್ಣಿನ ಮೇಲೆ ಎರಡಿಂಚು ಕ್ರಷರ್ ಪುಡಿ ಚೆಲ್ಲಿ ಕಲ್ಲು ಜೋಡಿಸಿದರೆ ಎಷ್ಟು ಒಳ್ಳೆಯ ಕಲ್ಲಾದರೂ ನಿಲ್ಲುವುದಿಲ್ಲ. ಚಿತ್ರದುರ್ಗದ ಬೆಟ್ಟದ ಮಗ್ಗುಲಿನ ಗರಸು ನೆಲದಲ್ಲಿ ಇದೇ ಕೆಲಸ ಕಡಿಮೆ ಅಗೆತದಲ್ಲಿ ಮುಗಿಯುತ್ತದೆ; ಆದರೆ ಅದೇ ಜಿಲ್ಲೆಯ ಹಿರಿಯೂರು, ಚಳ್ಳಕೆರೆ ಕಡೆ ಮತ್ತೆ ಎರೆ ಭೂಮಿ ಸಿಗುತ್ತದೆ. ಹಾಗಾಗಿ ಬಣ್ಣ, ಡಿಸೈನ್ ಆರಿಸುವ ಮೊದಲು ಅಂಗಳದಲ್ಲಿ ಒಂದೂವರೆ ಅಡಿ ಗುಂಡಿ ತೋಡಿ ನೋಡಿ. ಸೈಟು ಏರಿಸುವಾಗ ಮೇಲೆ ಒಂದಡಿ ಕೆಂಪು ಮಣ್ಣು ಹಾಕಿದ್ದರೆ ಎರೆ ಅದರ ಕೆಳಗೆ ಅಡಗಿರುತ್ತದೆ. ಒಂದು ಹಿಡಿ ಮಣ್ಣು ಒದ್ದೆ ಮಾಡಿ ಉಂಡೆ ಕಟ್ಟಿ ಬಿಸಿಲಿಗಿಡಿ. ಒಣಗಿದ ಮೇಲೆ ಬಿರುಕುಬಿಟ್ಟು, ಕೈಯಲ್ಲಿ ಒಡೆಯಲಾಗದಷ್ಟು ಗಟ್ಟಿಯಾದರೆ ಎರೆ ಎಂದೇ ಲೆಕ್ಕ.

ಏನು ಲಾಭ, ಏನು ಅಲ್ಲ

ಕಾಂಕ್ರೀಟ್ ಹಾಕಿದ ಅಂಗಳ ಒಂದೇ ಹಲಗೆ. ಮಣ್ಣು ಅಲುಗಿದರೆ ಸೀಳುತ್ತದೆ, ಮೆತ್ತಿದ ಗುರುತು ಹೋಗುವುದಿಲ್ಲ. ಇಂಟರ್‌ಲಾಕ್‌ನಲ್ಲಿ ಸಣ್ಣ ಸಣ್ಣ ಕಲ್ಲು, ನಡುವೆ 2ರಿಂದ 4 ಮಿ.ಮೀ. ಸಂದು, ಸಂದಿನ ತುಂಬ ಬಿಗಿದ ಮರಳು. ಚಕ್ರದ ಭಾರ ಒಂದು ಕಲ್ಲಿನ ಮೇಲೆ ಬಿದ್ದಾಗ ಆ ಮರಳಿನ ಹಿಡಿತದಿಂದ ಅಕ್ಕಪಕ್ಕದ ಕಲ್ಲುಗಳಿಗೂ ಹಂಚಿಹೋಗುತ್ತದೆ. ಜಿಗ್‌ಜ್ಯಾಗ್ ಆಕಾರ ಸ್ವಲ್ಪ ನೆರವಾಗುತ್ತದೆ, ನಿಜವಾದ ಬೀಗ ಮಾತ್ರ ಸಂದಿನ ಮರಳು ಮತ್ತು ಅಂಚಿನ ಕಟ್ಟೆ. ಇವೆರಡರಲ್ಲಿ ಒಂದು ಹೋದರೂ ಉಳಿಯುವುದು ಬರೀ ಜೋಡಿಸಿಟ್ಟ ಕಲ್ಲು.

ಮನೆಯವರಿಗೆ ದೊಡ್ಡ ಅನುಕೂಲ ಗೊತ್ತಾಗುವುದು ನೆಲದಡಿಯ ಪೈಪು ಸೋರಿದಾಗ. ಹತ್ತಿಪ್ಪತ್ತು ಕಲ್ಲು ಎತ್ತಿ, ರಿಪೇರಿ ಮಾಡಿ, ಅದೇ ಕಲ್ಲನ್ನು ಮತ್ತೆ ಕೂರಿಸಿದರೆ ಗುರುತೇ ಇರುವುದಿಲ್ಲ. ಕ್ಯೂರಿಂಗ್‌ಗೆ ಕಾಯಬೇಕಾಗಿಲ್ಲ; ಸಂದು ತುಂಬಿ ದಮ್ಮಸು ಮುಗಿದ ದಿನವೇ ಕಾರು ನಿಲ್ಲಿಸಬಹುದು.

ಆದರೆ ‘ನೀರೆಲ್ಲ ಇಂಗಿಹೋಗುತ್ತೆ, ಇಳಿಜಾರು ಬೇಡ’ ಎಂಬ ಮಾತು ನಂಬಬೇಡಿ. ಪೇವರ್ ಎಂದೂ ಕರೆಯುವ ಮಾಮೂಲಿ ಇಂಟರ್‌ಲಾಕ್ ಕಲ್ಲಿನಲ್ಲಿ ಸಂದಿನ ಜಾಗ ಅಂಗಳದ ನೂರಕ್ಕೆ ನಾಲ್ಕೈದು ಭಾಗ ಮಾತ್ರ, ಅದೂ ದಿನ ಕಳೆದಂತೆ ಧೂಳು ಕೂತು ಬಿಗಿಯುತ್ತದೆ. ಎರೆ ಮಣ್ಣಿನ ಮೇಲಂತೂ ನೀರು ಇಂಗದಿರುವುದೇ ಒಳ್ಳೆಯದು. ಇನ್ನೊಂದು ಮಾತು: ಕಪ್ಪು, ಕಡುಗೆಂಪು ಕಲ್ಲು ಏಪ್ರಿಲ್ ಬಿಸಿಲಿಗೆ ಬರಿಗಾಲು ಸುಡುತ್ತದೆ. ತಿಳಿ ಬೂದು ಬಣ್ಣ ಇದ್ದುದರಲ್ಲಿ ತಂಪು.

ಕಲ್ಲು ಆರಿಸುವುದು

ಪೇವರ್ ಕಲ್ಲಿನ ಭಾರತೀಯ ಮಾನಕ ಐಎಸ್ 15658. 2006ರಲ್ಲಿ ಬಂದದ್ದು 2021ರಲ್ಲಿ ಪರಿಷ್ಕರಣೆಯಾಗಿದೆ. ಬರೀ ನಡೆದಾಡುವ ಜಾಗಕ್ಕೆ 50 ಮಿ.ಮೀ. ದಪ್ಪ, ಎಂ-30 (ಕಾಂಕ್ರೀಟಿನ ಗಟ್ಟಿತನದ ದರ್ಜೆ) ಸಾಕು. ಕಾರು ಬರುವ ಮನೆಯಂಗಳಕ್ಕೆ 60 ಮಿ.ಮೀ., ಎಂ-35. ನೀರಿನ ಟ್ಯಾಂಕರ್ ಅಥವಾ ತುಂಬಿದ ಟ್ರ್ಯಾಕ್ಟರ್ ಒಳಗೆ ಬರುವುದಿದ್ದರೆ 80 ಮಿ.ಮೀ., ಎಂ-40. ಕಾಸು ಉಳಿಸಲು ಕಾರಿನಡಿಗೆ 50 ಮಿ.ಮೀ. ಹಾಕಬೇಡಿ.

ರಬ್ಬರ್ ಅಚ್ಚಿನಲ್ಲಿ ಎರಕ ಹೊಯ್ದ ಹೊಳಪಿನ ಕಲ್ಲು ನೋಡಲು ಚಂದ, ಒದ್ದೆಯಾದರೆ ಜಾರುತ್ತದೆ. ವಯಸ್ಸಾದವರು ಓಡಾಡುವ ಕಡೆ, ಬಟ್ಟೆ ಒಗೆಯುವ ಕಡೆ ಬೇಡ. ಯಂತ್ರದಲ್ಲಿ ಒತ್ತಿ ಮಾಡಿದ ತರಿತರಿ ಮೈಯ ಕಲ್ಲು ವಾಸಿ. ಎರಕವಾಗಿ ಎಷ್ಟು ದಿನವಾಯಿತು ಎಂದು ಕೇಳಿ. 28 ದಿನ ತುಂಬದ ಕಲ್ಲು ಗಾಡಿಯಿಂದ ಇಳಿಸುವಾಗಲೇ ಮೂಲೆ ಕಳೆದುಕೊಳ್ಳುತ್ತದೆ. ಎರಡು ಕಲ್ಲು ಒಂದಕ್ಕೊಂದು ತಟ್ಟಿದರೆ ಖಣಖಣ ಎನ್ನಬೇಕು. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಇದೆ: ಚೆನ್ನಾಗಿ ಒಣಗಿದ ಕಲ್ಲು ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ಸರಾಸರಿ ಹೀರುವಿಕೆ ನೂರಕ್ಕೆ 6 ದಾಟಬಾರದು. 2.9 ಕೆ.ಜಿ. ಕಲ್ಲು 175 ಗ್ರಾಂಗಿಂತ ಹೆಚ್ಚು ನೀರು ಕುಡಿದರೆ ಆ ಲೋಡು ವಾಪಸ್ ಕಳಿಸಿ.

ಎಷ್ಟು ಬೇಕು

30 ಅಡಿ ಅಗಲ, 12 ಅಡಿ ಉದ್ದದ ಮುಂದಿನ ಅಂಗಳ ಎಂದಿಟ್ಟುಕೊಳ್ಳಿ: 360 ಚದರಡಿ, ಅಂದರೆ 33.4 ಚದರ ಮೀಟರ್. 200×100 ಮಿ.ಮೀ. ಅಳತೆಯ ಇಟ್ಟಿಗೆ ಆಕಾರದ ಕಲ್ಲು ಚದರ ಮೀಟರಿಗೆ 50ರ ಲೆಕ್ಕದಲ್ಲಿ 1,670, ಕತ್ತರಿಸಿ ವ್ಯರ್ಥವಾಗುವುದಕ್ಕೆ ನೂರಕ್ಕೆ ಐದು ಸೇರಿಸಿದರೆ 1,750 ಕಲ್ಲು. ತೂಕ ಸುಮಾರು 5 ಟನ್, ಇಳಿಸಿಡಲು ಜಾಗ ಮೊದಲೇ ನೋಡಿಕೊಳ್ಳಿ. ಹಾಸುವ ಮರಳು 45 ಸಿಎಫ್‌ಟಿ (ಘನ ಅಡಿ). 150 ಮಿ.ಮೀ. ದಪ್ಪದ ವೆಟ್ ಮಿಕ್ಸ್‌ಗೆ (ಜಲ್ಲಿ, ಕಲ್ಲಿನ ಪುಡಿಗೆ ನೀರು ಬೆರೆಸಿದ ಅಡಿಪದರದ ಮಿಶ್ರಣ) 230 ಸಿಎಫ್‌ಟಿ, ಎರೆ ಮಣ್ಣಾದರೆ ಅಷ್ಟೇ ಗರಸು ಬೇರೆ. ದಮ್ಮಸು ಹಾಕಿದಾಗ ಕುಗ್ಗುವ ಪಾಲನ್ನು ಇದರಲ್ಲಿ ಸೇರಿಸಿದೆ. ಸಂದಿಗೆ ನಯ ಮರಳು ನಾಲ್ಕು ಚೀಲ, 50 ಕೆ.ಜಿ.ಯವು.

ಗುತ್ತಿಗೆ ಕೊಡುವಾಗ ‘ಚದರಡಿಗೆ ಇಷ್ಟು’ ಎಂಬ ಒಂದೇ ಸಾಲಿಗೆ ಒಪ್ಪಬೇಡಿ. ಎಷ್ಟಿಂಚು ಅಗೆತ, ಎಷ್ಟಿಂಚು ವೆಟ್ ಮಿಕ್ಸ್, ಯಾವ ಮರಳು, ಅಂಚಿಗೆ ಏನು ಎಂದು ಬರೆಸಿಕೊಳ್ಳಿ. ಅಗ್ಗದ ರೇಟು ಬರುವುದು ಈ ನಾಲ್ಕನ್ನು ನುಂಗಿದಾಗ.

ಅಗೆತ, ಅಡಿಪದರ

ಮೊದಲು ಗೇಟು ನೋಡಿ. ನೆಲ ಏರಿದ ಮೇಲೆ ಗೇಟು ತೆರೆಯದೆ ಕೆಳಗಿನ ಪಟ್ಟಿ ಕತ್ತರಿಸುವ ಪರಿಸ್ಥಿತಿ ಬೇಡ. ಮುಗಿದ ನೆಲದ ಮಟ್ಟ ಮನೆಯ ಪ್ಲಿಂತ್‌ಗಿಂತ ಕನಿಷ್ಠ ಆರಿಂಚು ಕೆಳಗಿರಲಿ. ಇಳಿಜಾರು ಮನೆಯಿಂದ ಹೊರಗೆ, ಮೀಟರಿಗೆ 15ರಿಂದ 20 ಮಿ.ಮೀ.; ಹನ್ನೆರಡಡಿಗೆ ಸುಮಾರು ಎರಡೂಕಾಲಿಂದ ಮೂರಿಂಚು. ಟ್ಯೂಬ್ ಲೆವೆಲ್ ಹಿಡಿದು ಗೂಟ ಹೊಡೆದು ದಾರ ಕಟ್ಟಿ. ಈ ಇಳಿಜಾರು ತಳದ ಮಣ್ಣಿನಲ್ಲೇ ಬರಬೇಕು, ಮೇಲಿನ ಮರಳಿನಲ್ಲಿ ಅಲ್ಲ.

ಗಟ್ಟಿ ಗರಸು ನೆಲದಲ್ಲಿ ಕಾರಿಗೆ ಅಗೆತ 240 ಮಿ.ಮೀ.: ಕಲ್ಲು 60, ಮರಳು 30, ವೆಟ್ ಮಿಕ್ಸ್ 150. ನಡೆದಾಡಲು, ಬೈಕಿಗೆ ಮಾತ್ರವಾದರೆ ವೆಟ್ ಮಿಕ್ಸ್ 100 ಸಾಕು. ಎರೆ ಮಣ್ಣಿನಲ್ಲಿ ವೆಟ್ ಮಿಕ್ಸ್ ಅಡಿಯ ಗರಸಿನ ಪದರಕ್ಕೆಂದು ಇನ್ನೂ 150 ಮಿ.ಮೀ. ಕೆಳಗಿಳಿಯಬೇಕು, ಒಟ್ಟು 390, ಹೆಚ್ಚುಕಡಿಮೆ ಒಂದೂಕಾಲಡಿ. ಕಾಂಪೌಂಡಿನ ಪಾಯ ಆಳವಿಲ್ಲದಿದ್ದರೆ ಗೋಡೆಯುದ್ದಕ್ಕೂ ಒಮ್ಮೆಲೇ ಅಗೆದು ಬಿಡಬೇಡಿ. ನಾಲ್ಕೈದು ಅಡಿ ಅಗೆದು ತುಂಬಿ ಮುಂದೆ ಸಾಗಿ, ಪಾಯದ ತಳಕ್ಕಿಂತ ಕೆಳಗಂತೂ ಇಳಿಯಲೇಬೇಡಿ.

ಎರೆ ಮಣ್ಣಿನ ಕೆಲಸಕ್ಕೆ ಹೊತ್ತು ಗೊತ್ತು ಇದೆ. ಏಪ್ರಿಲ್–ಮೇನಲ್ಲಿ ಅದು ಪೂರ್ತಿ ಕುಗ್ಗಿ ಬಿರುಕುಬಿಟ್ಟಿರುತ್ತದೆ, ಆಗ ಹಾಸಿದರೆ ಮೊದಲ ಮಳೆಗೆ ಉಬ್ಬಿ ಕಲ್ಲನ್ನು ಎತ್ತುತ್ತದೆ. ಸೆಪ್ಟೆಂಬರ್–ಅಕ್ಟೋಬರ್ ಮಳೆಯಲ್ಲಿ ಕೆಸರು, ದಮ್ಮಸು ಹಿಡಿಯುವುದಿಲ್ಲ. ಡಿಸೆಂಬರ್, ಜನವರಿ ಸರಿಯಾದ ಕಾಲ. ಬೇಸಿಗೆಯಲ್ಲೇ ಮಾಡಬೇಕಾಗಿ ಬಂದರೆ ತಳಕ್ಕೆ ಎರಡು ಮೂರು ದಿನ ನೀರು ಚಿಮುಕಿಸಿ ಬಿರುಕು ಮುಚ್ಚಿಸಿ, ಕಾಲಿಗೆ ಅಂಟದಷ್ಟು ಹದ ಬಂದ ಮೇಲೆ ದಮ್ಮಸು ಹಾಕಿ.

ಆಮೇಲೆ ತಳಕ್ಕೆ 150ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಜಿಯೋಟೆಕ್ಸ್‌ಟೈಲ್ ಬಟ್ಟೆ, ಜೋಡಣೆಯಲ್ಲಿ ಒಂದಡಿ ಒಂದರ ಮೇಲೊಂದು ಬರುವಂತೆ. ಎರೆ ಮೇಲೆದ್ದು ಜಲ್ಲಿಯೊಳಗೆ ನುಗ್ಗದಂತೆ, ಜಲ್ಲಿ ಎರೆಯೊಳಗೆ ಹೂತುಹೋಗದಂತೆ ಅದು ತಡೆಯುತ್ತದೆ. ಬದಲಿಗೆ ಟಾರ್ಪಾಲ್, ಪ್ಲಾಸ್ಟಿಕ್ ಹಾಳೆ ಹಾಸುವುದುಂಟು. ನೀರು ಅದರ ಮೇಲೆ ನಿಂತು ಜಲ್ಲಿ ಪದರ ಸಡಿಲವಾಗುತ್ತದೆ. ಗರಸು ದೂರದಿಂದ ತರಬೇಕಾದ ಕಡೆ ಅಗೆದ ಎರೆಯನ್ನೇ ಪುಡಿ ಮಾಡಿ, ತೂಕದಲ್ಲಿ ನೂರಕ್ಕೆ 3ರಿಂದ 5 ಅರಳಿಸಿದ ಸುಣ್ಣದ ಪುಡಿ ಬೆರೆಸಿ, ನೀರು ಹಾಕಿ ದಮ್ಮಸು ಹಾಕಬಹುದು. 150 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ ಸುಮಾರು 10 ಕೆ.ಜಿ. ಸುಣ್ಣ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ತಪ್ಪದೆ ಹಾಕಿಕೊಳ್ಳಿ.

ಗರಸನ್ನೂ ವೆಟ್ ಮಿಕ್ಸನ್ನೂ ಒಮ್ಮೆಲೇ ಆರಿಂಚು ಸುರಿಯಬೇಡಿ. ಬಾಡಿಗೆಗೆ ಸಿಗುವ ಸಣ್ಣ ಪ್ಲೇಟ್ ಕಾಂಪ್ಯಾಕ್ಟರ್‌ನ ಹೊಡೆತ ಮೂರು ನಾಲ್ಕಿಂಚಿಗಿಂತ ಕೆಳಗೆ ಮುಟ್ಟುವುದಿಲ್ಲ. ಮೂರು ಮೂರಿಂಚಿನ ಪದರ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ನಾಲ್ಕು ಸುತ್ತು. ಚಪ್ಪಲಿ ಹಿಮ್ಮಡಿ ಒತ್ತಿದರೆ ಗುರುತು ಬೀಳಬಾರದು. ಹತ್ತಡಿ ಮಟ್ಟಗೋಲು ಇಟ್ಟಾಗ ಅಡಿಯಲ್ಲಿ 10 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ ಅಲ್ಲೇ ಸರಿಮಾಡಿ. ತಗ್ಗನ್ನು ಮರಳಿನಲ್ಲಿ ಮುಚ್ಚಿದರೆ ಮರಳು ದಪ್ಪ ಇದ್ದಲ್ಲಿ ಹೆಚ್ಚು ಕೂರುತ್ತದೆ, ಅದೇ ತಗ್ಗು ನಾಳೆ ಕಲ್ಲಿನ ಮೇಲೆ ಕಾಣುತ್ತದೆ.

ಅಂಚು

ಮನೆಯ ಪ್ಲಿಂತ್, ಕಾಂಪೌಂಡ್ ಗೋಡೆ ಇರುವ ಕಡೆ ಅವೇ ಅಂಚು. ಬಾಯಿ ತೆರೆದಿರುವ ಕಡೆ, ಮುಖ್ಯವಾಗಿ ಗೇಟಿನ ಸಾಲಿನಲ್ಲಿ, 6 ಇಂಚು ಅಗಲ, 12 ಇಂಚು ಆಳದ 1:1.5:3 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟ್ ಪಟ್ಟಿ ಹಾಕಿ. ಕಾರು ಬ್ರೇಕ್ ಹಾಕಿ ತಿರುಗುವುದೇ ಅಲ್ಲಿ, ಕಲ್ಲು ಜರುಗಲು ಶುರುವಾಗುವುದೂ ಅಲ್ಲೇ. ಗಿಡದ ಪಾತಿಯ ಕಡೆ ಕರ್ಬ್ ಕಲ್ಲು ನಿಲ್ಲಿಸಿ, ಅದರ ಬೆನ್ನಿಗೆ ಕಾಂಕ್ರೀಟ್ ಕೊಡಿ. ಕೊನೆಯ ಸಾಲಿಗೆ ಸಿಮೆಂಟು ಸವರಿದರೆ ಅದು ಅಂಚಾಗುವುದಿಲ್ಲ.

ಸಂಪಿನ ಮುಚ್ಚಳ, ಚೇಂಬರುಗಳ ಸುತ್ತ ಆರಿಂಚಿನ ಕಾಂಕ್ರೀಟ್ ಕೊರಳು ಕಟ್ಟಿ, ಹೊಸ ಮಟ್ಟಕ್ಕೆ ಮೊದಲೇ ಏರಿಸಿಟ್ಟುಕೊಳ್ಳಿ.

ಮರಳು, ಕಲ್ಲು, ದಮ್ಮಸು

ಹಾಸಲು ತೊಳೆದ ಎಂ-ಸ್ಯಾಂಡ್ ಸಾಕು. ಕ್ರಷರ್ ಪುಡಿ ಬೇಡ. ಅದರ ನುಣ್ಣನೆಯ ಹಿಟ್ಟು ನೀರು ಹಿಡಿದಿಟ್ಟುಕೊಂಡು, ಚಕ್ರ ಹಾದಾಗ ಕೆಸರಾಗಿ ಸಂದಿನಿಂದ ಮೇಲೆ ಬರುತ್ತದೆ. ಮರಳಿಗೆ ಸಿಮೆಂಟು ಬೆರೆಸುವುದೂ ಬೇಡ. ನೆಲ ಅಲುಗಿದಾಗ ಆ ತೆಳು ಪದರ ಚೂರುಚೂರಾಗುತ್ತದೆ, ಮುಂದೆ ಕಲ್ಲು ಎತ್ತುವಾಗ ಅಂಟಿಕೊಂಡು ಒಡೆಯುತ್ತದೆ.

ವೆಟ್ ಮಿಕ್ಸ್ ಮೇಲೆ ಒಂದಿಂಚಿನ ಎರಡು ಜಿಐ ಪೈಪು ಉದ್ದಕ್ಕೆ ಮಲಗಿಸಿ. ಅದರ ಹೊರ ವ್ಯಾಸ ಸುಮಾರು 33 ಮಿ.ಮೀ., ನಮಗೆ ಬೇಕಾದ ದಪ್ಪವೇ ಸಿಗುತ್ತದೆ. ನಡುವೆ ಮರಳು ಸುರಿದು ಮಟ್ಟಗೋಲಿನಿಂದ ಎಳೆದು, ಪೈಪು ತೆಗೆದ ಗೆರೆಯನ್ನು ಮರಳಿನಿಂದ ತುಂಬಿ. ಎಳೆದ ಮರಳಿನ ಮೇಲೆ ಕಾಲಿಡುವಂತಿಲ್ಲ, ದಮ್ಮಸೂ ಇಲ್ಲ. ಅಂದು ಹಾಸುವಷ್ಟನ್ನೇ ಎಳೆಯಿರಿ.

ಕಲ್ಲಿನ ಸಾಲು ಇಳಿಜಾರಿನ ಕೆಳತುದಿಯಿಂದ ಮೇಲಕ್ಕೆ, ಮೂಲೆಮಟ್ಟ ಹಿಡಿದು ಶುರುಮಾಡಿ. ಹಾಸಿದ ಕಲ್ಲಿನ ಮೇಲೆಯೇ ಕೂತು ಮುಂದಕ್ಕೆ ಸಾಗಬೇಕು. ಮೂರು ನಾಲ್ಕು ರಾಶಿಯಿಂದ ಬೆರೆಸಿ ಎತ್ತಿಕೊಳ್ಳಿ, ಇಲ್ಲದಿದ್ದರೆ ಬಣ್ಣ ತೇಪೆತೇಪೆ ಕಾಣುತ್ತದೆ. ಕಾರಿನ ಜಾಗಕ್ಕೆ ಹೆರಿಂಗ್‌ಬೋನ್ ವರಸೆ, ಅಂದರೆ ಒಂದು ಕಲ್ಲು ಉದ್ದ, ಅದಕ್ಕೆ ತಾಗಿ ಇನ್ನೊಂದು ಅಡ್ಡ, ಎಲ್ ಆಕಾರದಲ್ಲಿ. ನೇರ ಸಾಲಿನ ವರಸೆಯಲ್ಲಿ ಬ್ರೇಕಿನ ಎಳೆತಕ್ಕೆ ಇಡೀ ಸಾಲೇ ಜರುಗುತ್ತದೆ. ಪ್ರತಿ ಆರೇಳು ಅಡಿಗೊಮ್ಮೆ ದಾರ ಹಿಡಿದು ನೋಡಿ. ಕಲ್ಲಿನ ಮೂರನೇ ಒಂದು ಭಾಗಕ್ಕಿಂತ ಸಣ್ಣ ತುಂಡು ಅಂಚಿನಲ್ಲಿ ಇಡಬೇಡಿ, ಪಕ್ಕದ ಕಲ್ಲನ್ನೂ ಸೇರಿಸಿ ಎರಡು ದೊಡ್ಡ ತುಂಡು ಮಾಡಿ. ಕತ್ತರಿಸುವಾಗ ನೀರು ಬಿಡುತ್ತಿರಿ, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಹಾಸಿದಾಗ ಕಲ್ಲು ಬೇಕಾದ ಮಟ್ಟಕ್ಕಿಂತ 6ರಿಂದ 8 ಮಿ.ಮೀ. ಎತ್ತರ ಇರಲಿ, ದಮ್ಮಸಿಗೆ ಅಷ್ಟು ಕೂರುತ್ತದೆ. ಪ್ಲೇಟಿನಡಿಗೆ ರಬ್ಬರ್ ಹಾಳೆ ಕಟ್ಟಿ ಮೊದಲ ಎರಡು ಸುತ್ತು ಒಣದಾಗಿ ಓಡಿಸಿ. ಕೆಲಸ ಇನ್ನೂ ಮುಂದುವರಿಯುವ ತೆರೆದ ತುದಿಯಿಂದ ಮೂರಡಿ ದೂರ ಇರಿ. ಸೀಳಿದ ಕಲ್ಲು ಕಂಡರೆ ಈಗಲೇ ಬದಲಿಸಿ. ನಂತರ ಜರಡಿಯಾಡಿದ ಒಣ ನಯ ಮರಳು ಚೆಲ್ಲಿ, ಪೊರಕೆಯಿಂದ ಸಂದಿಗೆ ನೂಕಿ, ಮತ್ತೆ ಯಂತ್ರ. ಹೀಗೆ ಎರಡು ಮೂರು ಸಲ, ಸಂದು ಬಾಯಿತನಕ ತುಂಬುವವರೆಗೆ. ಮರಳು ಒದ್ದೆ ಇದ್ದರೆ ಸಂದಿನ ಮೇಲ್ಗಡೆಯೇ ಸಿಕ್ಕಿಕೊಂಡು ಒಳಗೆ ಪೊಳ್ಳು ಉಳಿಯುತ್ತದೆ. ಕೆಲಸಗಾರರು ಅವಸರಪಡುವುದು ಇದೇ ಹಂತದಲ್ಲಿ, ನೀವು ಅಲ್ಲೇ ನಿಂತಿರಿ.

ಆಮೇಲೆ ಬರುವ ತೊಂದರೆಗಳು

ಚಕ್ರದ ಹಾದಿ ಉದ್ದಕ್ಕೂ ತಗ್ಗಿದರೆ ವೆಟ್ ಮಿಕ್ಸ್ ದಮ್ಮಸು ಸಾಲದು; ಕಲ್ಲು, ಮರಳು ಎತ್ತಿ ಆ ಪದರವನ್ನೇ ಸರಿಮಾಡಬೇಕು. ಸಂದು ಅಗಲವಾಗುತ್ತಾ ಹೋದರೆ ಅಂಚು ಸಡಿಲ. ತಾರಸಿ ನೀರಿನ ಪೈಪು ಬೀಳುವಲ್ಲಿ ಮಾತ್ರ ಕುಸಿದರೆ ಆ ನೀರನ್ನು ಪೈಪಿನಲ್ಲೇ ಚರಂಡಿಗೋ ಇಂಗುಗುಂಡಿಗೋ ಒಯ್ಯಿರಿ. ಎರೆ ಮಣ್ಣಿನಲ್ಲಿ ಇಂಗುಗುಂಡಿ ನೆಲಹಾಸಿನಿಂದ, ಪಾಯದಿಂದ ದೂರವಿರಲಿ. ಗಿಡಕ್ಕೆ ಬಿಡುವ ನೀರು ಕೂಡ ಅಂಚಿನಡಿಗೆ ಇಳಿದು ಒಂದು ಬದಿಯನ್ನಷ್ಟೇ ಉಬ್ಬಿಸಬಲ್ಲದು.

ಮೊದಲ ತಿಂಗಳಲ್ಲಿ ಮೇಲೆ ಬಿಳಿ ಉಪ್ಪು ಕಂಡರೆ ಗಾಬರಿ ಬೇಡ, ಸಿಮೆಂಟಿನ ಸುಣ್ಣದಂಶ ಅದು. ಮಳೆ, ಒಣ ಪೊರಕೆಗೆ ಹೋಗುತ್ತದೆ. ಆಸಿಡ್ ಹಾಕಿ ಉಜ್ಜಿದರೆ ಬಣ್ಣವೂ ಹೋಗುತ್ತದೆ. ಇರುವೆಗಳು ಸಂದಿನ ಮರಳನ್ನು ಹೊರಗೆ ತಂದು ಗುಡ್ಡೆ ಹಾಕುತ್ತವೆ, ಜೋರು ಪೈಪಿನಿಂದ ನೀರು ಹೊಡೆದರೂ ಮರಳು ಹಾರುತ್ತದೆ. ಮೊದಲ ಮಳೆಯಾದ ಮೇಲೆ ಒಮ್ಮೆ, ಆನಂತರ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಒಣ ಮರಳು ಗುಡಿಸಿ ತುಂಬಿ. ಉಳಿದ 30–40 ಕಲ್ಲು ಎಸೆಯದೆ ಹಿತ್ತಲಲ್ಲಿ ಜೋಡಿಸಿಡಿ. ನಾಲ್ಕು ವರ್ಷ ಬಿಟ್ಟು ಹೋದರೆ ಅದೇ ಅಚ್ಚು, ಅದೇ ಬಣ್ಣ ಸಿಗುವ ಖಾತ್ರಿ ಇಲ್ಲ.